ಸುತ್ತಿದವಳ ಹೆಸರು

ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಸುರುಳಿಗೆ,

ನಿನ್ನ ಅತ್ತೆಯ ಆಶೀರ್ವಾದ, ಜೊತೆಗೆ ಬಾಕಿ ಇರುವ ಒಂದಿಷ್ಟು ಬೈಗುಳ.

ಮೊದಲು ನಿನ್ನ ಗಂಡ ಬರೆಯಲು ಹೇಳಿದ್ದನ್ನು ಬರೆದುಬಿಡುತ್ತೇನೆ. "ಆಗಿದ್ದು ಆಗಿಹೋಯ್ತು. ಈಗ ಎಲ್ಲ ಸರಿಹೋಗಿದೆ. ಮನೆಗೆ ಬಾ." ಇದಿಷ್ಟು ಅವನ ಮಾತು. ಬರೆದಾಯಿತು. ಅವನು ಹಿಂದಿನ ಶೆಡ್ಡಿನಲ್ಲಿ ಗಿಟಾರಿನ ಕತ್ತಿಗೆಂದು ಇಟ್ಟ ಮರಕ್ಕೆ ಕೀಸುಳಿ ಹಾಕುತ್ತಿದ್ದಾನೆ, ಇಲ್ಲವೇ ಹಾಕುವಂತೆ ನಟಿಸುತ್ತಿದ್ದಾನೆ. ಸರ್ ಸರ್ ಎಂದು ಎರಡು ಸಲ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಕಿವಿ ಈ ಕಡೆಗೇ ಇದೆ. ಅಮ್ಮ ತನ್ನ ಪರವಾಗಿ ಬರೆಯುತ್ತಿದ್ದಾಳೆ ಎಂದು ಅವನ ನಂಬಿಕೆ.

ಇನ್ನು ಮುಂದಿನದೆಲ್ಲ ನನ್ನ ಮಾತು. ಬರಬೇಡ.

ಗಾಬರಿಯಾಗಬೇಡ, ನಿಧಾನವಾಗಿ ಓದು. ನಿನ್ನ ಕಾಗದ ತಲುಪಿದೆ. ಬಟ್ಟೆ ಕಳಿಸಿ, ಸುತ್ತು ಎಣಿಸುವ ಮೀಟರ್ ಕಳಿಸಿ, ನನ್ನ ಸಲುವಾಗಿ ಅವರ ಹತ್ತಿರ ಜಗಳ ಆಡಬೇಡಿ ಎಂದು ಬರೆದಿದ್ದೀಯ. ಮೊದಲಿನ ಎರಡನ್ನು ಮಾಡುತ್ತೇನೆ. ಮೂರನೆಯದು ಕೈಮೀರಿ ಹೋಯಿತು. ನಡೆದದ್ದನ್ನು ಯಾರ್ಯಾರದೋ ಬಾಯಲ್ಲಿ ಉಪ್ಪು ಖಾರ ಹಚ್ಚಿಸಿಕೊಂಡು ಕೇಳುವ ಬದಲು ನನ್ನ ಕೈಬರಹದಲ್ಲೇ ಓದಿಬಿಡು.

ನಿನ್ನನ್ನು ಈ ಮನೆಗೆ ತಂದದ್ದು ತಾನು ಎಂದು ನನ್ನ ಮಗ ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ. ಸುಳ್ಳು. ನಿನ್ನನ್ನು ತಂದದ್ದು ನನ್ನ ಹೊಲಿಗೆ ಯಂತ್ರ. ಅದರ ಮೋಟಾರು ಸುಟ್ಟು ಹೊಗೆ ಎದ್ದ ದಿನ, ರಿವೈಂಡಿಂಗ್ ಅಂಗಡಿಯಿಂದ ಯಾರನ್ನಾದರೂ ಕಳಿಸಿ ಎಂದು ಹೇಳಿ ಕಳಿಸಿದ್ದೆ. ಗುಂಗುರು ಕೂದಲಿನ ಹುಡುಗಿಯೊಬ್ಬಳು ಆ ಕೂದಲಿಗೇ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು. ಆವತ್ತು ಇವನು ತಾನು ಕಡೆದ ಮೊದಲ ಗಿಟಾರನ್ನು ಮೇಜಿನ ಮೇಲೆ ಮಲಗಿಸಿಕೊಂಡು ಅಳುಮೋರೆ ಹಾಕಿ ಕೂತಿದ್ದ. ಮರಗೆಲಸ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು, ಸದ್ದು ಮಾತ್ರ ಸೊನ್ನೆ. ನೀನು ನನ್ನ ಮೋಟಾರನ್ನು ಮರೆತು ಅದರ ಮೇಲೆ ಬಗ್ಗಿದೆ. ತಂತಿಗಳ ಕೆಳಗಿದ್ದ ಪಿಕಪ್ ಬಿಚ್ಚಿ ನೋಡಿ, "ಅಯ್ಯೋ, ಇದು ನಮ್ಮ ಮೋಟಾರಿನ ತಂಗಿ ಕಣ್ರೀ" ಅಂದೆ. "ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ನಡುಗಿದ್ರೆ ಇಲ್ಲಿ ಕರೆಂಟು ನಡುಗುತ್ತೆ. ಒಳಗೆ ಎಲ್ಲೋ ಕಡಿದುಹೋಗಿದೆ, ಅಷ್ಟೆ."

ಸಂಜೆಯೊಳಗೆ ಗಿಟಾರು ಬಾಯಿಬಿಟ್ಟಿತು. ನನ್ನ ಮೋಟಾರು ಮರುದಿನಕ್ಕೆ ಉಳಿಯಿತು. ಮರುದಿನ ಬಂದವಳು ಅದರ ಮರುದಿನವೂ ಬಂದೆ. ಸುರುಳಿ ಎಂದು ನಾನು ಹೆಸರಿಟ್ಟದ್ದು ನಿನ್ನ ಕೂದಲಿಗೆ. ಕೆಲಸಕ್ಕೂ ಅದೇ ಹೊಂದಿಕೊಂಡದ್ದು ನನ್ನ ಪುಣ್ಯ.

ಮದುವೆಯಾದ ಮೇಲೆ ಆ ಯಂತ್ರಕ್ಕೆ ಇಬ್ಬರು ಯಜಮಾನಿಯರು. ಬೆಳಿಗ್ಗೆ ನಾನು ಮಕ್ಕಳ ಸಮವಸ್ತ್ರ, ಕಿಟಕಿ ಪರದೆ ಹೊಲಿಯುವುದು. ಮಧ್ಯಾಹ್ನ ನೀನು ಅದರ ಚಕ್ರಕ್ಕೆ ನಿನ್ನ ಅಚ್ಚು ಸಿಕ್ಕಿಸಿ, ಪೆಡಲು ಒತ್ತಿ, ಕೂದಲಿಗಿಂತ ತೆಳುವಾದ ತಂತಿಯನ್ನು ಎರಡು ಬೆರಳಿನ ನಡುವೆ ಹಿಡಿದು ಸಾವಿರಾರು ಸುತ್ತು ಸುತ್ತುವುದು. ನಿನ್ನ ತಾಮ್ರದ ಎಳೆಗಳು ನನ್ನ ಪರದೆಗಳಿಗೆ ಅಂಟಿಕೊಂಡು, ಗಿರಾಕಿಗಳು ಜರಿ ಹಾಕಿದ್ದೀರಾ ಎಂದು ಕೇಳಿದ್ದುಂಟು. ಹೂಂ ಎಂದು ನಾನು ಹೇಳಿದ್ದೂ ಉಂಟು. ಮೇಣದಲ್ಲಿ ಅದ್ದದಿದ್ದರೆ ಪಿಕಪ್ ಕಿರುಚುತ್ತದೆ ಎಂದು ಹೇಳಿ ನನ್ನ ಹಾಲಿನ ಪಾತ್ರೆಯಲ್ಲಿ ಮೇಣ ಕರಗಿಸಿದೆಯಲ್ಲ, ಆ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಸುತ್ತುತ್ತಾ ಸುತ್ತುತ್ತಾ ನೀನು ಹೇಳುತ್ತಿದ್ದ ಗಿಟಾರುಗಳ ವಂಶಾವಳಿ ನನಗೆ ಬಾಯಿಪಾಠವಾಗಿದೆ. ಹಾಗಾಗಿಯೇ ಸಂಗೀತ ಭವನದವರು ಬಂದು, ಎಲೆಕ್ಟ್ರಿಕ್ ಗಿಟಾರು ಬೆಳೆದು ಬಂದ ದಾರಿಯನ್ನು ಜನ ಕಣ್ಣಾರೆ ನೋಡಬೇಕು, ಕಿವಿಯಾರೆ ಕೇಳಬೇಕು, ಹಳೆಯ ಐದು ಮಾದರಿಗಳನ್ನು ಹೊಸದಾಗಿ ಮಾಡಿಕೊಡಿ ಎಂದು ಕೇಳಿದಾಗ ನಮ್ಮ ಮನೆಯಲ್ಲಿ ಮೂವರೂ ಕುಣಿದಾಡಿದ್ದು. ಐದಕ್ಕೂ ನಾವು ಅಡ್ಡಹೆಸರಿಟ್ಟೆವು.

ಮೊದಲನೆಯದು ಬಾಣಲೆ. ಅದರ ಆಕಾರವೇ ಹಾಗೆ, ದುಂಡನೆಯ ಅಲ್ಯೂಮಿನಿಯಂ ಒಡಲು, ಉದ್ದನೆಯ ಹಿಡಿ. ತೊಡೆಯ ಮೇಲೆ ಮಲಗಿಸಿ ನುಡಿಸಬೇಕು. ಕುದುರೆ ಲಾಳದಂಥ ಎರಡು ಅಯಸ್ಕಾಂತಗಳು ತಂತಿಗಳನ್ನು ಅಪ್ಪಿಕೊಂಡಿರುತ್ತವೆ. ಈ ವಂಶದ ಹಿರೀಕನನ್ನು ಜನ ಅಡುಗೆ ಪಾತ್ರೆಯ ಹೆಸರಿನಿಂದ ಕರೆದರು ಎಂದು ತಿಳಿದಾಗ ನನಗಾದ ಖುಷಿ ನಿನಗೆ ನೆನಪಿರಬೇಕು. ಎರಡನೆಯದು ಹೊಟ್ಟೆಯಣ್ಣ, ಪೊಳ್ಳು ಹೊಟ್ಟೆಯ ಗಿಟಾರಿಗೇ ಪಿಕಪ್ ಕೂರಿಸಿದ್ದು. ತುತ್ತೂರಿಗಳ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದ ಗಿಟಾರು ಅಲ್ಲಿಂದಾಚೆ ಎದುರುತ್ತರ ಕೊಡಲು ಕಲಿಯಿತು. ಆದರೆ ದನಿ ಏರಿಸಿದರೆ ಹೊಟ್ಟೆಯೇ ಊಳಿಡುತ್ತಿತ್ತು. ಹಾಗಾದರೆ ಹೊಟ್ಟೆಯೇ ಬೇಡ ಎಂದು ಗಟ್ಟಿ ಮರಕ್ಕೆ ಎರಡು ಪಿಕಪ್ ಹೂತು ಮಾಡಿದ್ದು ಮೂರನೆಯದು, ನಮ್ಮ ಹಲಗೆ. ಲೋಕ ಅದನ್ನು ಟೆಲಿಕಾಸ್ಟರ್ ಎನ್ನುತ್ತದೆ.

ನಾಲ್ಕನೆಯದು ಕೊಂಬಿನವಳು, ಸ್ಟ್ರಾಟೋಕಾಸ್ಟರ್. ಒಡಲಿಗೆ ಎರಡು ಕೊಂಬು, ಮೂರು ಪಿಕಪ್ಪು, ಮೂರು ನಿಲುಗಡೆಯ ಸ್ವಿಚ್ಚು. ನುಡಿಸುವವರು ಕಾರ್ಖಾನೆಯ ಮಾತು ಕೇಳದೆ ಸ್ವಿಚ್ಚನ್ನು ಎರಡು ನಿಲುಗಡೆಗಳ ನಡುವೆ ಸಿಕ್ಕಿಸಿ ಹೊಸದೊಂದು ದನಿ ಹೊರಡಿಸಿದರು, ಇಪ್ಪತ್ತು ವರ್ಷ ದಾಟಿದ ಮೇಲೆ ಕಾರ್ಖಾನೆಯೇ ಸೋತು ಐದು ನಿಲುಗಡೆಯ ಸ್ವಿಚ್ಚು ಕೊಟ್ಟಿತು. ಈ ಕಥೆ ಹೇಳುವಾಗಲೆಲ್ಲ ನಿನ್ನ ಮುಖ ನೋಡಬೇಕು, ನೀನೇ ಗೆದ್ದು ಬಂದವಳ ಹಾಗೆ.

ಐದನೆಯದು ಭಾರದಪ್ಪ, ಲೆಸ್ ಪಾಲ್. ಎತ್ತಿದರೆ ಹೆಗಲು ಜಾರುತ್ತದೆ. ಅದಕ್ಕೆ ಜೋಡಿ ಕಾಯಿಲ್ಲಿನ, ಅಂದರೆ ಎರಡು ತಂತಿ ಸುರುಳಿಗಳ, ಹಂಬಕರ್ ಪಿಕಪ್ಪು. ಒಂಟಿ ಕಾಯಿಲ್ಲಾದರೆ ಗೋಡೆಯ ವೈರು, ಟ್ಯೂಬ್‌ಲೈಟು ಎಲ್ಲದರ ಗುಂಯ್‌ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಎರಡನ್ನು ಒಂದಕ್ಕೊಂದು ತಿರುಗಾಮುರುಗವಾಗಿ ಜೋಡಿಸಿದರೆ ಒಂದರ ಗುಂಯ್ ಇನ್ನೊಂದರದನ್ನು ಹೊಡೆದುಹಾಕುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಂಡು ದಪ್ಪಗಾಗುತ್ತದೆ. "ನಮ್ಮಿಬ್ಬರ ಹಾಗೆ ಅತ್ತೆ" ಎಂದು ನೀನು ಹೇಳಿದ್ದೆ. "ಗುಂಯ್ ಅನ್ನೋದು ನೀನು, ದನಿ ನಂದು" ಎಂದು ನಾನು ಹೇಳಿದ್ದೆ.

ಇಷ್ಟೂ ಪಿಕಪ್ಪುಗಳನ್ನು ಸುತ್ತಿದ್ದು ನೀನು. ಒಂದೊಂದಕ್ಕೂ ಒಂದೊಂದು ಬಿಗಿ, ಒಂದೊಂದಕ್ಕೂ ಬೇರೆ ಸುತ್ತು. ಸುತ್ತಿ ಬೇಡವೆನಿಸಿ ಬಿಚ್ಚಿ, ಮತ್ತೆ ಸುತ್ತಿ, ಆರಿಹೋದ ಊಟ ತಿಂದದ್ದನ್ನು ನಾನು ನೋಡಿದ್ದೇನೆ. ಮರಗೆಲಸ ಅವನದು, ಅದರಲ್ಲಿ ಎರಡು ಮಾತಿಲ್ಲ. ಚಿನ್ನದಂಥ ಕೈ ಅವನದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ, ಇದು ನ್ಯಾಯದ ಮಾತು.

ಆಮೇಲೆ ಭವನದಿಂದ, ಪ್ರದರ್ಶನದಲ್ಲಿ ನಿಲ್ಲಿಸುವ ಫಲಕದ ಕರಡು ಬಂತಲ್ಲ. ವಿನ್ಯಾಸ, ಮರಗೆಲಸ, ಕೈಯಿಂದ ಸುತ್ತಿದ ಪಿಕಪ್‌ಗಳು ಎಂದು ಮೂರು ಸಾಲು. ಕೆಳಗೆ ಒಂದೇ ಹೆಸರು, ನನ್ನ ಮಗನದು. ನೀನು ಓದಿ, ಅವನ ಮುಂದೆ ಹಿಡಿದು, "ಕೈಯಿಂದ ಅಂತ ಹಾಕಿದ್ದಾರೆ. ಯಾರ ಕೈ?" ಎಂದು ಕೇಳಿದೆ. ಅವನು ಮರಳುಕಾಗದ ಉಜ್ಜುತ್ತಲೇ, "ಮನೆ ಒಂದೇ ತಾನೇ, ಯಾರ ಹೆಸರಿದ್ರೇನು" ಅಂದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಬುದ್ಧಿವಂತಿಕೆ ಉಕ್ಕಿ ಬಂದು ನೀನೇ ಹೇಳಿಕೊಟ್ಟ ಕಥೆಯನ್ನು ನಿನಗೇ ತಿರುಗಿಸಿದ. ಟೆಲಿಕಾಸ್ಟರಿಗೆ ಮೊದಲಿಟ್ಟಿದ್ದ ಹೆಸರು ಬೇರೊಂದು ಕಂಪನಿಯ ಡ್ರಮ್ಮಿನ ಹೆಸರಿಗೆ ತಾಗುತ್ತದೆಂದು ತಕರಾರು ಬಂದು, ಹೊಸ ಹೆಸರು ಸಿಗುವ ತನಕ ಕೆಲವು ತಿಂಗಳು ಹೆಸರನ್ನು ಕತ್ತರಿಸಿಯೇ ಗಿಟಾರು ಕಳಿಸಿದ್ದರಲ್ಲ, ಆ ಕಥೆ. "ಆ ಹೆಸರಿಲ್ಲದ ಗಿಟಾರುಗಳಿಗೇ ಇವತ್ತು ಜನ ಪ್ರಾಣ ಬಿಡೋದು. ಹೆಸರಿಲ್ಲದೆ ಇರೋದರಲ್ಲೇ ಒಂದು ಗೌರವ ಇದೆ" ಎಂದ.

ನೀನು ಕೂಗಾಡಲಿಲ್ಲ. "ಮರ ಹೆಸರು ಕೇಳಲ್ಲ. ನಾನು ಕೇಳ್ತಿದೀನಿ" ಎಂದೆ. ಅವನು ಮರಳುಕಾಗದ ಬದಲಾಯಿಸಿಕೊಂಡ. ನಾನು ಒಲೆ ಆರಿಸಿ ಈಚೆ ಬರುವಷ್ಟರಲ್ಲಿ ನೀನು ಚೀಲದ ಜಿಪ್ಪು ಎಳೆಯುತ್ತಿದ್ದೆ. ನಿನ್ನ ಹಳೆಯ ಮೇಸ್ತ್ರಿ ಬಂದರಿನ ಊರಿನಲ್ಲಿ ತೆರೆದಿರುವ ರಿವೈಂಡಿಂಗ್ ಅಂಗಡಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ, ನನ್ನ ಕಾಲು ಮುಟ್ಟಿ, ಹೊರಟುಹೋದೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ನೀನು ಹೋದ ವಾರವೇ ಭಾರದಪ್ಪ ಮೂಕನಾದ. ಪಿಕಪ್ಪಿನ ಮೇಲಿನ ತಗಡಿನ ಮುಚ್ಚಳ ಕೂರಿಸುವಾಗ ಇವನು ಅವಸರ ಮಾಡಿ ಒಂದು ಕಾಯಿಲ್ಲಿನ ಎಳೆಯನ್ನೇ ಕಡಿದಿದ್ದ. ನಿನ್ನನ್ನು ಕರೆಯಲು ಜಂಬ ಬಿಡಲಿಲ್ಲ. ತಾನೇ ಯಂತ್ರದ ಮುಂದೆ ಕೂತ. ಪೆಡಲನ್ನು ಗೂಳಿ ತುಳಿದಂತೆ ತುಳಿದ. ತಂತಿ ಪಟ್ಟೆಂದಿತು. ಮತ್ತೆ ಕೂತ, ಮತ್ತೆ ಪಟ್ಟೆಂದಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನು ತಂತಿಯೇ ಕಳಪೆ ಎಂದ, ಬೆಳಕು ಸಾಲದು ಎಂದ, ಕೊನೆಗೆ ನನ್ನ ಉಸಿರಾಟ ತೊಂದರೆ ಕೊಡುತ್ತಿದೆ ಎಂದ. ನಾನು ಎದ್ದು ಹೊರಗೆ ಕೂತೆ. ಎರಡು ದಿನ ಒದ್ದಾಡಿ ಅಂತೂ ಒಂದು ಕಾಯಿಲ್ ಮುಗಿಸಿ, ಬೆಸುಗೆ ಹಾಕಿ, ಆಂಪ್ಲಿಫೈಯರಿಗೆ ಸಿಕ್ಕಿಸಿದ.

ಗುಂಯ್ ಎಂದು ಮನೆಯೇ ಜೇನುಗೂಡಾಯಿತು. ತಂತಿ ಮೀಟಿದರೆ ಶೀತವಾದ ಮೂಗಿನಿಂದ ಬಂದಂತೆ ತೆಳ್ಳನೆಯ ದನಿ. ಗುಂಯ್ ಹೋಗಲಾಡಿಸಲೆಂದೇ ಹುಟ್ಟಿದ ಪಿಕಪ್ಪು ಆ ಸದ್ದನ್ನೇ ಎರಡರಷ್ಟು ಮಾಡಿ ಹಾಡನ್ನು ನುಂಗುತ್ತಿತ್ತು. ಹಿಂದೊಮ್ಮೆ ನಿನ್ನ ಕೈಯಲ್ಲೂ ಹೀಗಾಗಿ, ನೀನು ನಕ್ಕು, ಒಂದು ಕಾಯಿಲ್ಲಿನ ಎರಡು ತುದಿಗಳನ್ನು ಅದಲು ಬದಲು ಮಾಡಿದ್ದು ನನ್ನ ಕಣ್ಣ ಮುಂದೆಯೇ ಇತ್ತು. "ಒಂದು ಕಾಯಿಲ್ ಉಲ್ಟಾ ಸೇರಿಸಿದ್ದೀಯ ಕಣೋ. ಅದರ ತುದಿ ಬದಲಾಯಿಸಿ ನೋಡು" ಎಂದೆ. "ಅಮ್ಮಾ, ನೀನು ಹೊಲಿಯೋಳು. ಸುಮ್ನೆ ಇರು" ಎಂದ. ನಾನು ಪರದೆ ಮಡಿಸಲು ಹೋದೆ.

ಮರುದಿನ ಬೆಳಿಗ್ಗೆ ನಾನು ಹಾಲು ತಂದು ಒಳಗೆ ಬಂದರೆ ಭಾರದಪ್ಪ ತುಂಬು ಗಂಟಲಿನಲ್ಲಿ ಹಾಡುತ್ತಿದ್ದ. ಗುಂಯ್ ಮಾಯ. ಇವನ ಮುಖ ಅರಳಿ ತಟ್ಟೆಯಗಲ. "ನೋಡಿದೆಯಾ? ಯೋಚನೆ ಮಾಡಿ ಮಾಡಿ ಕಂಡುಹಿಡಿದೆ. ಒಂದು ಕಾಯಿಲ್ ತುದಿ ತಿರುಗಿಸಬೇಕಿತ್ತು" ಎಂದು ನನಗೇ ಪಾಠ ಹೇಳಿದ!

ಸುರುಳೀ, ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ನಾನು ಹೇಳಿದ್ದು ಅವನ ಕಿವಿಯೊಳಗೆ ಹೋಗಿ, ಅವನದೇ ಆಗಿ ಹೊರಗೆ ಬಂದಿತ್ತು. ಮಧ್ಯದಲ್ಲಿ ನಾನು ಎಲ್ಲಿ ಕರಗಿದೆನೋ ಅವನಿಗೆ ಗೊತ್ತೇ ಇರಲಿಲ್ಲ. ಅವನ ಅಂಗಿಯನ್ನು ಹೊಲಿದವಳು ನಾನು, ಅವನ ಊಟ ನಾನು, ಅವನ ಮಾತು ನಾನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ಯಾರದು, ಮೊಸರಾದ ಬಾಯಿ ಯಾರದು ಎಂದು ಗಾದೆ ಮಾಡಿದವನು ಹೇಳಲೇ ಇಲ್ಲ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಸುತ್ತಿ ಬಳಸಿ ಮಾತಾಡಿ ನಿನಗೆ ಸಮಾಧಾನ ಹೇಳಬೇಕು ಎಂದುಕೊಂಡಿದ್ದವಳು, ಸಮಾಧಾನದ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಪ್ರದರ್ಶನದ ಮೊದಲ ದಿನ ಬಂತು. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ, ತಯಾರಕರ ತಾಯಿ ಎಂದು. ನಾನು ನನ್ನ ಬೂದು ಕೋಟಿಗೆ ಹೊಸ ಗುಂಡಿ ಹೊಲಿದುಕೊಂಡು ಹೋಗಿದ್ದೆ. ಗೋಡೆಯುದ್ದಕ್ಕೂ ಐದು ಗಿಟಾರುಗಳು ತೂಗುತ್ತಿದ್ದವು, ಪಕ್ಕದಲ್ಲಿ ಆಳೆತ್ತರದ ಕಪ್ಪು ಫಲಕ, ಬಿಳಿ ಅಕ್ಷರ. ಬೆಳ್ಳಿ ಕೂದಲನ್ನು ಗಂಡಸರ ಹಾಗೆ ಗಿಡ್ಡ ಕತ್ತರಿಸಿಕೊಂಡಿದ್ದ ವಾದಕಿಯೊಬ್ಬರು ಒಂದೊಂದನ್ನೇ ಕೆಳಗಿಳಿಸಿ ನುಡಿಸಿದರು. ಬಾಣಲೆ ತೊಡೆಯ ಮೇಲೆ ಜಾರಿ ಜಾರಿ ಅತ್ತಿತು. ಹೊಟ್ಟೆಯಣ್ಣ ಗುನುಗಿದ. ಹಲಗೆ ಚಾಟಿಯಂತೆ ಛಟೀರ್ ಎಂದಿತು. ಕೊಂಬಿನವಳ ಸ್ವಿಚ್ಚನ್ನು ಆಕೆ ಬೇಕೆಂದೇ ನಡುವೆ ಸಿಕ್ಕಿಸಿದಾಗ ಆ ಗಂಟೆಯಂಥ ದನಿ ಬಂತಲ್ಲ, ನನ್ನ ಪಕ್ಕ ನಿನ್ನ ಖಾಲಿ ಜಾಗ ಇತ್ತು, ಅಲ್ಲಿಗೆ ಕೈ ಹೋಯಿತು ನನ್ನದು. ಕೊನೆಗೆ ಭಾರದಪ್ಪ ಹಾಡಿದಾಗ ಕುರ್ಚಿಯ ಕಾಲುಗಳೇ ನಡುಗಿದವು.

ಚಪ್ಪಾಳೆಯೆಲ್ಲ ಮುಗಿದ ಮೇಲೆ ಭವನದ ಮೇಲ್ವಿಚಾರಕರು ಮೈಕು ಹಿಡಿದು, ತಾಯಿಯವರು ಎರಡು ಮಾತಾಡಬೇಕು ಎಂದರು. "ಸಂತೋಷ ಆಗಿದೆ ಅಂತ ಹೇಳಿ ಕೂತ್ಕೋ" ಎಂದು ಮಗ ಮೊದಲೇ ಹೇಳಿಕೊಟ್ಟಿದ್ದ. ನಾನು ಎದ್ದು ನಿಂತೆ.

"ಸಂತೋಷ ಆಗಿದೆ" ಎಂದೆ. "ಮರ ಕಡೆದವನು ನನ್ನ ಮಗ. ನೀವು ಈಗ ಕೇಳಿದ ದನಿ ಅವನದಲ್ಲ. ಒಂದೇ ಒಂದು ಕಾಯಿಲ್ ಬಿಟ್ಟರೆ ಈ ಪಿಕಪ್ಪುಗಳನ್ನೆಲ್ಲ ಸುತ್ತಿದವಳು ನನ್ನ ಸೊಸೆ, ನನ್ನ ಹೊಲಿಗೆ ಯಂತ್ರದ ಮೇಲೆ. ಅವಳ ಹೆಸರು ಈ ಫಲಕದ ಮೇಲೆ ಇಲ್ಲ. ಅದಕ್ಕೇ ಅವಳು ಇವತ್ತು ಇಲ್ಲಿ ಇಲ್ಲ. ಹಿಂದಿನ ಕಾಲದ ಗಿಟಾರು ಕಾರ್ಖಾನೆಗಳಲ್ಲಿ ಕಾಯಿಲ್ ಸುತ್ತಿದವರೂ ಬಹಳಷ್ಟು ಹೆಂಗಸರೇ ಅಂತೆ. ಕೆಲವರು ಅಡಿಯಲ್ಲಿ ತಮ್ಮ ಹೆಸರಿನ ಅಕ್ಷರ ಗೀಚಿ ಕಳಿಸ್ತಿದ್ದರಂತೆ. ನಮ್ಮವಳು ಗೀಚಲಿಲ್ಲ. ನಂಬಿದ್ದಳು."

ಮೇಲ್ವಿಚಾರಕರು ನಗಬೇಕೋ ಬೇಡವೋ ತಿಳಿಯದೆ ನನ್ನ ಮಗನ ಕಡೆ ತಿರುಗಿದರು. ಆದರೆ ಕೇಳಿದವರು ಅವರಲ್ಲ, ಆ ವಾದಕಿ. ಭಾರದಪ್ಪ ಇನ್ನೂ ಅವರ ಹೆಗಲಿನಲ್ಲೇ ಇದ್ದ. "ನಿಜಾನಾ?" ಎಂದು ಕೇಳಿದರು. ನನ್ನ ಮಗ ತನ್ನ ಬೂಟು ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ. ಆಮೇಲೆ, "ಹೌದು" ಎಂದ. ಮೈಕು ಇಲ್ಲದೆಯೇ ಹಿಂದಿನ ಸಾಲಿಗೂ ಕೇಳಿಸಿತು.

ಫಲಕವನ್ನು ಮತ್ತೆ ಮುದ್ರಿಸಲು ಸಮಯ ಬೇಕು, ಅದಕ್ಕೊಂದು ಸಮಿತಿ ಇದೆ, ಒಪ್ಪಿಗೆ ಆಗಬೇಕು ಎಂದು ಮೇಲ್ವಿಚಾರಕರು ರಾಗ ಎಳೆದರು. ನನ್ನ ಕೈಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣ ಸದಾ ಇರುತ್ತದಲ್ಲ. ನೇರ ಹೋಗಿ, ಪಿಕಪ್‌ಗಳು ಎಂಬ ಸಾಲಿನ ಮುಂದೆ ನಿನ್ನ ಪೂರ್ತಿ ಹೆಸರನ್ನು ದಪ್ಪಗೆ ಬರೆದೆ. ಅಪ್ಪ ಅಮ್ಮ ಇಟ್ಟ ಹೆಸರು, ಸುರುಳಿ ಅಲ್ಲ. "ಅಮ್ಮಾ, ಅದನ್ನ ಸಿಬ್ಬಂದಿ ಅಳಿಸಿಬಿಡ್ತಾರೆ" ಎಂದರು ಮೇಲ್ವಿಚಾರಕರು, ಪಾಪ, ಮೆತ್ತಗೇ. "ಅಳಿಸಲಿ. ನಾಳೆ ಬಂದು ಮತ್ತೆ ಬರೀತೀನಿ. ನನ್ನ ಹತ್ರ ಸೀಮೆಸುಣ್ಣಕ್ಕೇನು ಬರಗಾಲ?" ಎಂದೆ. ಅಳಿಸಿದರು. ಹೋದೆ, ಬರೆದೆ. ಮತ್ತೆ ಅಳಿಸಿದರು, ಮತ್ತೆ ಬರೆದೆ. ಬಾಗಿಲು ಕಾಯುವವನೇ ನನಗೆ ಕುರ್ಚಿ ತಂದುಕೊಡುವಷ್ಟು ಸ್ನೇಹವಾಯಿತು. ಆ ವಾರದ ಕೊನೆಗೆ ಹೋದಾಗ ಹೊಸ ಫಲಕ ನಿಂತಿತ್ತು. ನಿನ್ನ ಹೆಸರು ಅಚ್ಚಾಗಿದೆ. ಅಕ್ಷರ ತಪ್ಪಿಲ್ಲ, ಬೆರಳಿಟ್ಟು ಓದಿ ಬಂದಿದ್ದೇನೆ.

ಈಗ ಮನೆಯ ವಿಷಯ. ಆವತ್ತು ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು. ಬಾಗಿಲು ಹಾಕಿಕೊಂಡ ಮೇಲೆ, "ಎಲ್ಲರ ಮುಂದೆ ಹೌದು ಅಂದೆನಲ್ಲಮ್ಮ, ಸಾಲದಾ?" ಎಂದ. "ಸಾಲದು" ಎಂದೆ. "ಕೇಳಿದ ಮೇಲೆ ಹೌದು ಅಂದೆ. ಕೇಳದಿದ್ರೆ?" ಆ ಹೌದು ಸುಳ್ಳಲ್ಲ ಎಂದು ನನಗೂ ಗೊತ್ತು. ಅದನ್ನು ಹೇಳುವ ಮೊದಲು ಅವನು ನನ್ನ ಕಣ್ಣನ್ನೇ ನೋಡಿದ್ದ. ನಾನು ಹೆತ್ತವಳು, ಅದನ್ನು ಗಮನಿಸಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ.

ಆದರೆ ಮೊನ್ನೆ ಏನಾಯಿತು ಕೇಳು. ಆ ವಾದಕಿ ತಮಗೂ ಒಂದು ಗಿಟಾರು ಬೇಕು, ಪಿಕಪ್ಪು ಮಾತ್ರ ನೀನೇ ಸುತ್ತಿದ್ದು ಆಗಬೇಕು ಎಂದು ಹೇಳಿ ಕಳಿಸಿದರು. ಅವರ ಬೆನ್ನಿಗೇ ಇನ್ನಿಬ್ಬರು. ಅಲ್ಲಿಯವರೆಗೆ ನಿನ್ನ ಸುದ್ದಿ ಎತ್ತದವನು ಅಂದು ಸಂಜೆ ನನ್ನ ಪಕ್ಕ ಬಂದು ಕೂತು, ಸೂಜಿಗೆ ದಾರ ಪೋಣಿಸಿಕೊಟ್ಟು, "ಅಮ್ಮಾ, ಅವಳಿಗೊಂದು ಕಾಗದ ಬರಿ. ನೀನು ಬರೆದ್ರೆ ಬರ್ತಾಳೆ" ಎಂದ. ಆರ್ಡರು ಬಂದ ಮೇಲೆ ಹೆಂಡತಿ ನೆನಪಾದಳು! ಹೆಂಡತಿ ಬೇಕೋ ಕಾಯಿಲ್ ಬೇಕೋ ಎಂದು ಕೇಳಿದೆ. "ಎರಡೂ ಒಂದೇ ಅಲ್ವಾ" ಎಂದ. ಅಲ್ಲ ಕಣಪ್ಪ ಎಂದು ನಾನು ಹೇಳಲಿಲ್ಲ. ಇವತ್ತು ಕಾಗದ ತಗೊಂಡು ಕೂತೆ.

ಹಾಗಾಗಿ ಬರಬೇಡ. ನಾನೇ ಬರುತ್ತಿದ್ದೇನೆ.

ಬುಧವಾರ ಲಗೇಜು ಗಾಡಿಗೆ ಹೇಳಿದ್ದೇನೆ. ಹೊಲಿಗೆ ಯಂತ್ರ, ನಿನ್ನ ಅಚ್ಚು, ಮೀಟರ್, ಉಳಿದಿರುವ ತಂತಿಯ ಉರುಳೆಗಳು, ನಿನ್ನ ಬಟ್ಟೆ, ನನ್ನ ಬಟ್ಟೆ, ಮೇಣದ ಪಾತ್ರೆ ಎಲ್ಲ ಬರುತ್ತದೆ. ಯಂತ್ರ ನನ್ನದು, ನನ್ನ ಗಂಡನೂ ಕೊಡಿಸಿದ್ದಲ್ಲ, ಮಗನೂ ಕೊಡಿಸಿದ್ದಲ್ಲ, ನಾನು ಹೊಲಿದು ಸಂಪಾದಿಸಿದ್ದು. ಎಲ್ಲಿ ಇಳಿಸಬೇಕೆಂಬುದು ನನ್ನ ಇಷ್ಟ. ನಿನ್ನ ಮೇಸ್ತ್ರಿಗೆ ಹೇಳು, ಅಂಗಡಿಯ ಕಿಟಕಿ ಪಕ್ಕದ ಮೂಲೆ ನಮಗೆ ಬೇಕು, ಬಾಡಿಗೆಗೆ ಬದಲಾಗಿ ಅವರ ಹರಕು ಪರದೆಗಳನ್ನೆಲ್ಲ ಹೊಲಿದುಕೊಡುತ್ತೇನೆ. ಬೆಳಿಗ್ಗೆ ನನ್ನದು, ಮಧ್ಯಾಹ್ನ ನಿನ್ನದು, ಮೊದಲಿನ ಕರಾರೇ.

ನಿನ್ನ ಗಂಡನಿಗೆ ಕಾಯಿಲ್ ಬೇಕಾದರೆ ಎಲ್ಲ ಗಿರಾಕಿಗಳ ಹಾಗೆ ನಮ್ಮ ವಿಳಾಸಕ್ಕೆ ಬರೆಯಲಿ, ಸರದಿಯಲ್ಲಿ ನಿಲ್ಲಲಿ. ಅಡಿಯಲ್ಲಿ ನಿನ್ನ ಹೆಸರಿನ ಅಕ್ಷರ ಇರುತ್ತದೆ, ಅದನ್ನು ಉಜ್ಜಿ ತೆಗೆದರೆ ಮುಂದಿನ ಪಿಕಪ್ಪಿಲ್ಲ. ಹೆಂಡತಿ ಬೇಕಾದರೆ ಅವನೇ ಬರಲಿ, ಕೈಯಲ್ಲಿ ತಂತಿ ಸುತ್ತುವ ಖಾಲಿ ಬಾಬಿನ್ ಹಿಡಿದುಕೊಂಡು ಬರಬಾರದು. ಬಂದರೆ ಒಳಗೆ ಕರೆಯಬೇಕೋ ಹೊರಗೇ ನಿಲ್ಲಿಸಬೇಕೋ ಎಂಬುದು ನಿನಗೆ ಬಿಟ್ಟದ್ದು. ನಾನು ಆಗ ತಲೆ ಎತ್ತದೆ ಹೊಲಿಯುತ್ತಿರುತ್ತೇನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಿಬ್ಬರಿಗೂ ಒಟ್ಟಿಗೇ ಕಾಲ ಬರಲಿ, ನೋಡೋಣ ಯಾರು ತಡೆಯುತ್ತಾರೆ.

ಈ ಕಾಗದವನ್ನು ಡಬ್ಬಿಗೆ ಹಾಕಿ ಬಂದ ಮೇಲೆ ಅವನಿಗೆ ಹೇಳುತ್ತೇನೆ. ಕೂಗಾಡಲಿ. ಈ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗುವುದೇನಮ್ಮ, ಜನ ಏನಂದಾರು ಎನ್ನುತ್ತಾನೆ. ಜನ ಏನೆಂದರೂ ಹೊಲಿಗೆ ಬಿಡಿಸಿ ಮತ್ತೆ ಹೊಲಿದು ಅಭ್ಯಾಸ ಇದೆ ನನಗೆ. ಅವನಿಗೆ ಅಡುಗೆ ಬರುತ್ತದೆ, ನಾನೇ ಕಲಿಸಿದ್ದೇನೆ. ಚಳಿಗಾಲದ ಅಂಗಿಗಳನ್ನು ಮೇಲಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೇನೆ. ಎದೆಕಟ್ಟಿದರೆ ಕುಡಿಯುವ ಔಷಧಿ ಕಿಟಕಿಯ ಮೇಲಿದೆ. ನೋಡು, ಅವನ ಮಾತು ಬೇಡವೆಂದರೂ ಪೆನ್ನು ಅಲ್ಲಿಗೇ ಹೋಗುತ್ತದೆ. ಸಾಕು, ನಿಲ್ಲಿಸುತ್ತೇನೆ.

ಬುಧವಾರ ಮಧ್ಯಾಹ್ನ ಅಂಗಡಿಯ ಮುಂದೆ ಜಾಗ ಮಾಡಿಟ್ಟಿರು. ಇಳಿಸಲು ಇಬ್ಬರು ಬೇಕಾಗುತ್ತದೆ.

ನಿನ್ನ ಅತ್ತೆ,
ಇನ್ನು ಮೇಲೆ ಪಾಲುದಾರಳು ಕೂಡ

ಮರೆತಿದ್ದು: ನಾನು ಬರುವುದು ಬಸ್ಸಿನಲ್ಲಿ, ಬಸ್‌ಸ್ಟ್ಯಾಂಡಿಗೆ ಬಂದು ಕಾಯಬೇಡ, ದಾರಿ ನನಗೆ ಗೊತ್ತು. ಪ್ರದರ್ಶನಕ್ಕೆ ಮೊದಲು ಒಂದು ದಿನ, ಗುಂಡಿ ತರುತ್ತೇನೆ ಎಂದು ಮಗನಿಗೆ ಹೇಳಿ ನಿನ್ನ ಊರಿಗೆ ಬಂದಿದ್ದೆ. ಎದುರುಗಡೆಯ ಟೈರು ಅಂಗಡಿಯ ನೆರಳಲ್ಲಿ ಬಹಳ ಹೊತ್ತು ನಿಂತಿದ್ದೆ. ನೀನು ಒಂದು ದೊಡ್ಡ ಮೋಟಾರಿನ ಮೇಲೆ ಬಗ್ಗಿಕೊಂಡಿದ್ದೆ. ಕರೆಯಲು ಬಾಯಿ ತೆರೆದೆ, ಆದರೆ ನಿನ್ನ ಹೆಸರು ಆ ಫಲಕದ ಮೇಲೆ ಬರುವ ಮೊದಲು ನಿನಗೆ ಮುಖ ತೋರಿಸುವುದು ಬೇಡ ಎನ್ನಿಸಿ ವಾಪಸ್ ಬಸ್ಸು ಹತ್ತಿದೆ. ಆ ಹೊಸ ಕನ್ನಡಕ ನಿನಗೆ ಚೆನ್ನಾಗಿ ಒಪ್ಪುತ್ತದೆ ಕಣೇ. ಬಗ್ಗಿದಾಗ ಮೂಗಿನ ತುದಿಗೆ ಜಾರುತ್ತದೆ ಅಷ್ಟೆ. ಬಂದು ಅದಕ್ಕೊಂದು ದಾರ ಕಟ್ಟಿಕೊಡುತ್ತೇನೆ.